ಥರ್ಮಲ್ ಹೊಗೆ ವಿರುದ್ಧ ಧರಣಿ: 'ಬಂದ್ ಮಾಡ್ರಿ' ಅನ್ನೋದಾ, 'ಮಿತಿ ಪಾಲಿಸ್ರಿ' ಅನ್ನೋದಾ?

ಜೋಳದರಾಶಿ:
ಎಲ್ಲಾರಿಗೂ ನಮಸ್ಕಾರ. ನಮ್ಮ ಹಳ್ಳಿ ಮಗ್ಗಲಕ್ಕ ಒಂದು ಕಲ್ಲಿದ್ದಲು ಥರ್ಮಲ್ ಸ್ಥಾವರ ಐತಿ. ಯಾವುದು ಅಂತ ಕೇಳಬ್ಯಾಡ್ರಿ, ಊರಾಗಿನ ಅರ್ಧ ಹುಡುಗ್ರು ಅಲ್ಲೇ ಗುತ್ತಿಗಿ ಕೆಲಸಕ್ಕ ಹೋಗ್ತಾರ. ಸುತ್ತಲಿನ ಹಳ್ಳಿಯವ್ರು ಸೇರಿ ಡಿಸಿ ಆಫೀಸ್ ಮುಂದ ಧರಣಿ ಕೂಡೋದು ಅಂತ ಠರಾವು ಮಾಡೀವಿ. ಮನವಿ ಪತ್ರ ಬರಿಯೋ ಕೆಲಸ ನನ್ನ ಕೊಳ್ಳಿಗೆ ಬಿದ್ದೈತಿ.

ಜಗಳ ಇಷ್ಟ. ಹುಡುಗ್ರು 'ಸ್ಥಾವರ ಬಂದ್ ಮಾಡ್ರಿ ಅಂತ ಬರಿ' ಅಂತಾರ. ಹಿರಿಯಾರು 'ಬಂದ್ ಅಂದ್ರ ಸಾಹೇಬ್ರು ಚಾ ಕುಡಿಸಿ ಕಳಸ್ತಾರ, ನಿಯಮ ಪಾಲಿಸ್ರಿ ಅನ್ನು' ಅಂತಾರ. ಆ ನಿಯಮ ಏನು ಅಂತ ಕೇಳಿದ್ರ ಇಬ್ಬರೂ ನನ್ನ ಮುಖಾ ನೋಡ್ತಾರ.

ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗಾಕ ಹಾಕಿದ್ರ ಸಂಜೀಗೆ ಬೂದಿ ಕುಂತಿರತೈತಿ. ತೊಟ್ಟಿನ ಬುಡಕ್ಕ ಹೊಕ್ಕಿದ್ದು ಜಾಡಿಸಿದ್ರೂ ಹೋಗಂಗಿಲ್ಲ. ಮಾರುಕಟ್ಟಿಗೆ ಒಯ್ದ್ರ ದಲಾಲ ಒಂದು ಕಾಯಿ ಮುರದು, ಅಂಗೈ ಮ್ಯಾಲೆ ಕೊಡವಿ, ಏನೂ ಮಾತಾಡದ ರೇಟ್ ಇಳಸ್ತಾನ. ಏನು ಬರೀಲಿ ಹೇಳ್ರಿ.

ಮಿಂಚುಳ್ಳಿ:
ಹುಡುಗರು ಹೇಳಿದ್ದೇ ಸರಿ. ಬಂದ್ ಅಂತಲೇ ಬರೀರಿ. ನೂರು ಕೇಳಿದ್ರೆ ಹತ್ತು ಸಿಗುತ್ತೆ.

ಹಳೇಶಿಫ್ಟ್:
ನಾನು ಥರ್ಮಲ್ ಕಂಟ್ರೋಲ್ ರೂಮ್‌ನಲ್ಲಿದ್ದು ನಿವೃತ್ತನಾದವನು. ಬರೀ 'ಹೊಗೆ' ಅಂತ ಬರೆದ್ರೆ ಅವರು ಸುಲಭವಾಗಿ ಕೈ ತೊಳ್ಕೊತಾರೆ. ಯಾವುದು ಎಲ್ಲಿಂದ ಬರ್ತಿದೆ ಅಂತ ಬಿಡಿಸಿ ಬರೀರಿ.

ದಪ್ಪ ಸೊಂಟದ ಕೂಲಿಂಗ್ ಟವರ್‌ನಿಂದ ಬೆಳ್ಳಗೆ ಏಳೋದು ನೀರಾವಿ. ಅದರ ಫೋಟೋ ಬ್ಯಾನರ್ ಮೇಲೆ ಹಾಕಿದ್ರೆ ಮೊದಲ ನಗೆಪಾಟಲು ಅಲ್ಲೇ. ಚಿಮಣಿ ಬೇರೆ, 210 ಮೆಗಾವ್ಯಾಟ್ ಘಟಕದ್ದು 220 ಮೀಟರ್ ಎತ್ತರ, 500ರದ್ದು 275. ಅಷ್ಟು ಮೇಲಿಂದ ಬಿಟ್ಟಿದ್ದು ನಿಮ್ಮ ಮಾಳಿಗೆ ಮೇಲೆ ಬೀಳೋದು ಕಡಿಮೆ, ದೂರ ಹೋಗುತ್ತೆ. ಮೆಣಸಿನಕಾಯಿ ಮೇಲೆ ಬೆರಳಿಗೆ ಹತ್ತೋ ಅಂಥ ಬೂದಿ ಅಂದ್ರೆ ನನ್ನ ಅನುಮಾನ ಬೂದಿ ಹೊಂಡದ ಮೇಲೆ, ಇಲ್ಲಾ ತಾಡಪಾಲು ಕಟ್ಟದ ಲಾರಿಗಳ ಮೇಲೆ. ಹೊಂಡದ ಮೇಲೆ ನೀರು ನಿಲ್ಲಿಸದೆ ಒಣಗೋಕೆ ಬಿಟ್ರೆ ಬೇಸಿಗೆ ಗಾಳಿಗೆ ಇಡೀ ಊರು ಬೆಳ್ಳಗಾಗುತ್ತೆ.

ಗಾಳಿಪಟ:
ಹಂಗಾದ್ರೆ ಚಿಮಣಿ ಪಾಪದ್ದು ಅಂತೀರಾ? ಪಿಂಚಣಿ ಎಲ್ಲಿಂದ ಬರ್ತಿದೆ ಸಾರ್?

ಹಳೇಶಿಫ್ಟ್:
ಪಿಂಚಣಿ ಎಲ್ಲಿಂದ ಬಂದ್ರೂ ಗಾಳಿ ಬೀಸೋ ದಿಕ್ಕು ಬದಲಾಗಲ್ಲಪ್ಪ. ಚಿಮಣಿ ಪಾಪದ್ದು ಅಂತ ಎಲ್ಲಿ ಬರೆದೆ? ಕಣ್ಣಿಗೆ ಕಾಣೋದು ಬೂದಿ ಹೊಂಡದ್ದು, ಕಾಣದೇ ಇರೋದು ಚಿಮಣಿದು. ಎರಡನ್ನೂ ಒಂದೇ ಸಾಲಲ್ಲಿ ಬರೆದ್ರೆ ಎರಡಕ್ಕೂ ಉತ್ತರ ಸಿಗಲ್ಲ.

ಲೆಕ್ಕದಮೇಷ್ಟ್ರು:
ಕಾಣದೇ ಇರೋದರ ಲೆಕ್ಕ ಹೇಳ್ತೀನಿ, ಪೆನ್ನು ತಗೊಳ್ಳಿ. ಒಂದು ಯೂನಿಟ್ ವಿದ್ಯುತ್ತಿಗೆ ಅಂದಾಜು 700 ಗ್ರಾಂ ಕಲ್ಲಿದ್ದಲು. 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 3500 ಟನ್ ಹತ್ತಿರ. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ 30ರಿಂದ 45 ಶೇಕಡಾ. 35 ಅಂತ ಹಿಡಿದರೆ 1200 ಟನ್ ಬೂದಿ. ಅದರಲ್ಲಿ ಸುಮಾರು 1000 ಟನ್ ಹಾರುಬೂದಿ, ಉಳಿದದ್ದು ಬಾಯ್ಲರ್ ತಳಕ್ಕೆ ಬೀಳೋದು.

ಈ 1000 ಟನ್ನನ್ನು ಹಿಡಿಯೋದು ಇಎಸ್‌ಪಿ, ಅಂದರೆ ವಿದ್ಯುತ್ ತಗಡುಗಳ ನಡುವೆ ಹೊಗೆ ಹಾಯಿಸಿ ಬೂದಿ ಅಂಟಿಸಿಕೊಳ್ಳೋ ಯಂತ್ರ. ಅದು 99.9 ಶೇಕಡಾ ಹಿಡಿದರೆ ದಿನಕ್ಕೆ 1 ಟನ್ ಮೇಲೆ ಹೋಗುತ್ತೆ. 99.5 ಹಿಡಿದರೆ? 5 ಟನ್. ಕಾಗದದ ಮೇಲೆ ಎರಡೂ 'ಶೇಕಡಾ 99ಕ್ಕೂ ಹೆಚ್ಚು'. ಹೀಗಾಗಿ ಅಧಿಕಾರಿ 'ನಮ್ಮ ಇಎಸ್‌ಪಿ 99 ಪರ್ಸೆಂಟ್ ಕೆಲಸ ಮಾಡ್ತಿದೆ' ಅಂದ ಕೂಡಲೇ ತಲೆಯಾಡಿಸಬೇಡಿ, ದಶಮಾಂಶದ ಆಚೆ ಎಷ್ಟು ಅಂತ ಕೇಳಿ.

ಕಲ್ಲಿದ್ದಲಲ್ಲಿ ಗಂಧಕ ಅರ್ಧ ಶೇಕಡಾ ಇದ್ದರೂ 17 ಟನ್ ಚಿಲ್ಲರೆ ಆಯ್ತು. ಉರಿದ ಮೇಲೆ ಎರಡು ಪಟ್ಟು ತೂಕ, 35 ಟನ್ ಸಲ್ಫರ್ ಡೈಆಕ್ಸೈಡ್. ಇಎಸ್‌ಪಿ ಇದನ್ನ ಮುಟ್ಟೋದೂ ಇಲ್ಲ, ಎಲ್ಲಾ ಮೇಲೆ.

ಜೋಳದರಾಶಿ:
ಮೇಷ್ಟ್ರ, ಇದನ್ನ ಹಂಗ ಮನವಿಯಾಗ ಹಾಕ್ತೀನ್ರಿ. ಆದ್ರ ಎಷ್ಟು ಬಿಡಬೇಕು ಅನ್ನೋ ಕಾಯ್ದೆ ಏನೈತಿ?

ಗಾಳಿಪಟ:
ಯಾವ ಕಾಯ್ದೆ? 2025ರಲ್ಲಿ ಕೇಂದ್ರ ಸರ್ಕಾರ ಎಲ್ಲಾ ಮಿತಿನೂ ತೆಗೆದುಹಾಕ್ತಲ್ಲ.

ಕಡತದಕಟ್ಟು:
ತೆಗೆದಿಲ್ಲ. ಎಲ್ಲರೂ ಹೀಗೇ ಹೇಳಿಕೊಂಡು ಓಡಾಡ್ತಿದ್ದಾರೆ, ಸ್ಥಾವರದವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇನ್ನೊಂದಿಲ್ಲ.

2015ರ ಡಿಸೆಂಬರ್ 7ಕ್ಕೆ ಪರಿಸರ ಸಚಿವಾಲಯದ ಅಧಿಸೂಚನೆ ಬಂತು. ದೂಳಿನ ಕಣಕ್ಕೆ ಮಿತಿ: 2003ರ ಕೊನೆಯೊಳಗೆ ಶುರುವಾದ ಘಟಕಗಳಿಗೆ ಘನ ಮೀಟರ್‌ಗೆ 100 ಮಿಲಿಗ್ರಾಂ, 2004ರಿಂದ 2016ರ ನಡುವಿನವಕ್ಕೆ 50, ಆಮೇಲಿನವಕ್ಕೆ 30. ಸಲ್ಫರ್ ಡೈಆಕ್ಸೈಡ್‌ಗೆ: 2016ರವರೆಗಿನ ಘಟಕ 500 ಮೆಗಾವ್ಯಾಟ್‌ಗಿಂತ ಚಿಕ್ಕದಾದರೆ 600, ದೊಡ್ಡದಾದರೆ 200, ಆಮೇಲಿನವಕ್ಕೆ 100. ನೈಟ್ರೋಜನ್ ಆಕ್ಸೈಡ್, ಪಾದರಸ, ನೀರಿನ ಬಳಕೆಗೂ ಮಿತಿ ಇದೆ. ಎರಡೇ ವರ್ಷದಲ್ಲಿ ಪಾಲಿಸಬೇಕಿತ್ತು.

ಪಾಲಿಸಲಿಲ್ಲ. ಗಡುವು 2022ಕ್ಕೆ ಹೋಯ್ತು. 2021ರಲ್ಲಿ ಸ್ಥಾವರ ಎಲ್ಲಿದೆ ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ ಇನ್ನಷ್ಟು ಮುಂದಕ್ಕೆ. 2022ರಲ್ಲಿ ಮತ್ತೆ. 2024ರ ಡಿಸೆಂಬರ್‌ನಲ್ಲಿ ಸಲ್ಫರ್‌ಗೆ ಮತ್ತೆ ಮೂರು ವರ್ಷ. ಕೊನೆಗೆ 2025ರ ಜುಲೈನಲ್ಲಿ ಸಿ ವರ್ಗದವರಿಗೆ ಸಲ್ಫರ್ ಡೈಆಕ್ಸೈಡ್ ಮಿತಿಯಿಂದಲೇ ವಿನಾಯಿತಿ, ಚಿಮಣಿ ಎತ್ತರ ನಿಯಮದ ಪ್ರಕಾರ ಇರಬೇಕು ಅನ್ನೋ ಷರತ್ತಿನ ಮೇಲೆ. ದೇಶದ ಘಟಕಗಳಲ್ಲಿ ಮುಕ್ಕಾಲಿಗೂ ಹೆಚ್ಚು ಈ ವರ್ಗದಲ್ಲೇ ಬರ್ತವೆ. ಬಿ ವರ್ಗಕ್ಕೆ ಒಂದೊಂದನ್ನೂ ನೋಡಿ ತೀರ್ಮಾನ. ಎ ವರ್ಗಕ್ಕೆ, ಅಂದರೆ ದೆಹಲಿ ರಾಜಧಾನಿ ಪ್ರದೇಶ ಅಥವಾ 10 ಲಕ್ಷ ಜನಸಂಖ್ಯೆಯ ಊರಿನ 10 ಕಿಲೋಮೀಟರ್ ಒಳಗಿರೋವಕ್ಕೆ, 2027ರ ಕೊನೆ ಗಡುವು.

ಗಮನಿಸಿ, ವಿನಾಯಿತಿ ಸಲ್ಫರ್‌ಗೆ ಮಾತ್ರ. ದೂಳು, ನೈಟ್ರೋಜನ್, ಪಾದರಸದ ಮಿತಿ ಹಾಗೇ ಇದೆ. ಸುತ್ತ ದೊಡ್ಡ ಊರಿಲ್ಲ ಅಂದ್ರೆ ನಿಮ್ಮದು ಬಹುಶಃ ಸಿ. ಮೊದಲು ಅದನ್ನ ಕೇಳಿ ತಿಳ್ಕೊಳ್ಳಿ.

ಬೇವಿನಕಟ್ಟಿ:
ಅಂದ್ರ ಹಳ್ಳಿ ಮಂದಿ ಪುಪ್ಪುಸ ಸಿ ಕೆಟಗರಿ. ತಿಳೀತು ಬಿಡ್ರಿ.

ಮಿಂಚುಳ್ಳಿ:
ಲೆಕ್ಕದ ಮೇಷ್ಟ್ರ 35 ಟನ್ನು ಮಿತಿಯ ಲೆಕ್ಕದಲ್ಲಿ ಎಷ್ಟಾಗುತ್ತೆ?

ಲೆಕ್ಕದಮೇಷ್ಟ್ರು:
ಆ ಗಾತ್ರದ ಘಟಕದಿಂದ ಗಂಟೆಗೆ ಸುಮಾರು 8 ಲಕ್ಷ ಘನ ಮೀಟರ್ ಹೊಗೆ ಅಂತ ಹಿಡಿದರೆ 1800 ಮಿಲಿಗ್ರಾಂ ಆಸುಪಾಸು. ಮಿತಿ 600. ಮೂರು ಪಟ್ಟು.

ಹಳೇಶಿಫ್ಟ್:
ಲೆಕ್ಕ ಸರಿ. ಆದ್ರೆ ಸಲ್ಫರ್ ವಿನಾಯಿತಿ ಬಗ್ಗೆ ನನ್ನದು ಬೇರೆ ಅಭಿಪ್ರಾಯ, ಬೈಯೋರು ಬೈಕೊಳ್ಳಿ. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಮ್ಮಿ, ಬೂದಿ ಜಾಸ್ತಿ. ಗಂಧಕ ತೆಗೆಯೋ ಎಫ್‌ಜಿಡಿ ಅಂದ್ರೆ ಸಣ್ಣ ಪೆಟ್ಟಿಗೆ ಅಲ್ಲ, ಚಿಮಣಿ ಪಕ್ಕ ಇನ್ನೊಂದು ಕಾರ್ಖಾನೆ. ಸುಣ್ಣದಕಲ್ಲು ಅರೆದು ನೀರಲ್ಲಿ ಕಲಸಿ ಹೊಗೆ ಮೇಲೆ ಸುರಿಸಬೇಕು, ಜಿಪ್ಸಂ ಸಾಗಿಸಬೇಕು, ಅದಕ್ಕೇ ಒಂದಿಷ್ಟು ವಿದ್ಯುತ್ ಬೇಕು, ನೀರೂ ಬೇಕು. ಯೂನಿಟ್‌ಗೆ 25-30 ಪೈಸೆ ಹೊರೆ ತಪ್ಪಿತು ಅಂತ ವಿನಾಯಿತಿ ಬಂದಾಗ ಪತ್ರಿಕೆಗಳಲ್ಲೂ ಬಂತು. ಮುದಿ ಘಟಕಕ್ಕೆ ಅಷ್ಟು ದುಡ್ಡು ಸುರಿಯೋ ಬದಲು ಇಎಸ್‌ಪಿ ರಿಪೇರಿ ಮಾಡ್ಸಿ.

ಉಸಿರು:
ಇಲ್ಲೇ ನಾನು ಒಪ್ಪಲ್ಲ. ಸಲ್ಫರ್ ಡೈಆಕ್ಸೈಡ್ ಅನಿಲವಾಗೇ ಉಳಿದಿದ್ರೆ ನಿಮ್ಮ ಮಾತು ಒಂದು ಮಟ್ಟಕ್ಕೆ ನಡೀತಿತ್ತು. ಅದು ಗಾಳಿಯಲ್ಲಿ ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣ ಆಗುತ್ತೆ, ಅದೇ ಪಿಎಂ 2.5, ಅಂದ್ರೆ ಪುಪ್ಪುಸದ ಒಳಗೆ ಇಳಿಯೋ ಅತಿ ಸಣ್ಣ ಕಣ. ಸ್ಥಾವರದಿಂದ ನೂರಾರು ಕಿಲೋಮೀಟರ್ ಆಚೆಗೂ ಹೋಗುತ್ತೆ. ಇಎಸ್‌ಪಿಯಲ್ಲಿ ಹಿಡಿದ ಬೂದಿ ಇದನ್ನ ಸರಿದೂಗಿಸಲ್ಲ, ಯಾಕಂದ್ರೆ ಈ ಕಣ ಹುಟ್ಟೋದೇ ಚಿಮಣಿ ದಾಟಿದ ಮೇಲೆ.

'ಚಿಮಣಿ ಎತ್ತರ ಇದೆ, ತೊಂದರೆ ಇಲ್ಲ' ಅನ್ನೋ ವಾದ ಹೊಸದೇನಲ್ಲ. ಬ್ರಿಟನ್ ಎತ್ತರದ ಚಿಮಣಿ ಕಟ್ಟಿ ತನ್ನ ಊರುಗಳನ್ನ ಉಳಿಸಿಕೊಂಡಿತು, ಆಮ್ಲ ಮಳೆ ಹೋಗಿ ಬಿದ್ದದ್ದು ನಾರ್ವೆ, ಸ್ವೀಡನ್ ಕೆರೆಗಳ ಮೇಲೆ. ಆ ಜಗಳದಿಂದಲೇ 1979ರಲ್ಲಿ ಗಡಿ ದಾಟೋ ವಾಯುಮಾಲಿನ್ಯದ ಬಗ್ಗೆ ಜಿನೀವಾ ಒಪ್ಪಂದ ಆಯ್ತು.

ಹಳೇಶಿಫ್ಟ್:
ಚಿಮಣಿ ದಾಟಿದ ಮೇಲೆ ಹುಟ್ಟೋ ಕಣದ ಮಾತು ಸರಿ. ದುಡ್ಡು ಯಾರು ಕೊಡ್ತಾರೆ ಅನ್ನೋದಕ್ಕೆ ಉತ್ತರ ಹೇಳಿ.

ಉಸಿರು:
ಈಗಲೂ ಕೊಡ್ತಿದ್ದೀವಿ. ಆಸ್ಪತ್ರೆ ಬಿಲ್ಲಲ್ಲಿ. ಕರೆಂಟ್ ಬಿಲ್ಲಲ್ಲಿ ಕಾಣಲ್ಲ ಅಷ್ಟೇ.

ರಾತ್ರಿಪಾಳಿ:
ಬಂದ್ ಮಾಡಿ ಅನ್ನೋರು ಮೊದ್ಲು ಮನೆ ಫ್ಯಾನ್ ಬಂದ್ ಮಾಡಿ. ಎಸಿ ಕೆಳಗೆ ಕೂತ್ಕೊಂಡು ಪರಿಸರ ಅಂತೆ.

ಬೇವಿನಕಟ್ಟಿ:
ಥರ್ಮಲ್ ಮಗ್ಗಲಿನ ನಮ್ಮ ಊರಾಗ ಕರೆಂಟ್ ಹೋಗೋದು ನೋಡೀರೇನು? ಚಿಮಣಿ ಮ್ಯಾಲಿನ ಕೆಂಪು ದೀಪ ಹತ್ತಿರತೈತಿ, ನಮ್ಮ ಪಂಪ್‌ಸೆಟ್ ಹತ್ತಂಗಿಲ್ಲ. ಎಸಿ ಮಾತು ಆಮ್ಯಾಲೆ ಆಡೋಣು.

ರಾತ್ರಿಪಾಳಿ:
ಸರಿ ಗುರು, ಆದ್ರೆ ರಾತ್ರಿ ಹೊತ್ತು ಸೋಲಾರ್ ಎಲ್ಲಿಂದ ತರ್ತೀರಾ?

ಮಿಂಚುಳ್ಳಿ:
ಪಾವಗಡದಲ್ಲೇ 2050 ಮೆಗಾವ್ಯಾಟ್ ಇದೆ. ಹಗಲು ಅದನ್ನ ಪೂರ್ತಿ ಬಳಸಿ, ಥರ್ಮಲ್ ತಗ್ಗಿಸಿ.

ಹಳೇಶಿಫ್ಟ್:
ತಗ್ಗಿಸ್ತಾರೆ, ಅದರಲ್ಲೂ ಒಂದು ತಿರುವು ಇದೆ. ಹಗಲು ನಿಲ್ಲಿಸಿ ಸಂಜೆ ಮತ್ತೆ ಹೊತ್ತಿಸೋದು ಅಂದ್ರೆ ಮೊದಲು ಎಣ್ಣೆ ಉರಿಸಿ ಬಾಯ್ಲರ್ ಬಿಸಿ ಮಾಡಬೇಕು. ಎಣ್ಣೆ ಉರೀತಿರುವಾಗ ಇಎಸ್‌ಪಿ ಚಾಲೂ ಮಾಡಲ್ಲ, ತಗಡಿಗೆ ಎಣ್ಣೆ ಮಸಿ ಅಂಟುತ್ತೆ, ಬೆಂಕಿ ಭಯ. ಆ ಹೊತ್ತಲ್ಲಿ ಚಿಮಣಿಯಿಂದ ಕಪ್ಪು ಹೊಗೆ. ಊರವರು 'ರಾತ್ರಿ ಕಳ್ಳತನದಿಂದ ಇಎಸ್‌ಪಿ ಬಂದ್ ಮಾಡ್ತಾರೆ' ಅಂತಾರಲ್ಲ, ಅದರಲ್ಲಿ ಕೆಲವು ಇದು. ಕೆಲವು ಇಎಸ್‌ಪಿ ಫೀಲ್ಡ್ ಟ್ರಿಪ್ ಆದಾಗಲೂ, ಅಂದ್ರೆ ಅದರ ಒಂದು ಭಾಗ ನಿಂತುಹೋದಾಗಲೂ, ಲೋಡ್ (ವಿದ್ಯುತ್ ಉತ್ಪಾದನೆ) ಇಳಿಸದೆ ಓಡಿಸಿದ್ದು. ಯಾವುದು ಯಾವುದು ಅಂತ ಗೊತ್ತಾಗಬೇಕಾದ್ರೆ ಆ ಗಂಟೆಯ ದಾಖಲೆ ಬೇಕು.

ಹಾಪರ್_ಹುಡುಗ:
ನಾನೂ ಒಂದು ಥರ್ಮಲ್‌ನಾಗ ಗುತ್ತಿಗಿ ಮ್ಯಾಲೆ ಅದೀನಿ. ಹೆಸರು ಹೇಳಂಗಿಲ್ಲ. ಇಎಸ್‌ಪಿ ಕೆಳಗ ಬೂದಿ ಬೀಳೋ ಹಾಪರ್ ಇರ್ತಾವ. ಬೂದಿ ಕಟ್ಟಿಕೊಂಡ್ರ ಕೆಳಗಿಂದ ರಾಡ್ ಹಾಕಿ ತಿವೀಬೇಕು. ಒಮ್ಮಿ ಬಿಟ್ಟಿತು ಅಂದ್ರ ಬಿಸಿ ಬೂದಿ ನೀರಿನಂಗ ಸುರೀತೈತಿ, ಓಡಾಕ ಜಾಗಾ ನೋಡಿಟ್ಕೊಂಡೇ ತಿವೀತೀವಿ. ಹಾಪರ್ ತುಂಬಿ ಮ್ಯಾಲಕ್ಕ ಬಂತಂದ್ರ ಆ ಫೀಲ್ಡ್ ಟ್ರಿಪ್. ಹಿಡಿಯೋ ಬೂದಿ ಅಷ್ಟೂ ಚಿಮಣಿಗೆ.

ಚಲೋ ಮಾಸ್ಕ್ ಕೊಡೋದು ಸಾಹೇಬ್ರು ತಪಾಸಣಿಗೆ ಬಂದಾಗ. ಉಳಿದ ದಿನ ಟವೆಲ್. ನಿಮ್ಮ ಮನವಿಯಾಗ ಬಂದ್ ಮಾಡ್ರಿ ಅಂತ ಬರದ್ರ ನಾವು ಬರಂಗಿಲ್ಲ, ಹೊಟ್ಟಿ ಪ್ರಶ್ನೆ. ಹಾಪರ್ ಸ್ವಚ್ಛ ಇಡಾಕ ಮಂದಿ ಹೆಚ್ಚು ಮಾಡ್ರಿ, ನಮ್ಮ ಎದಿ ಎಕ್ಸ್‌ರೇ ತಗೀಸ್ರಿ ಅಂತ ಬರದ್ರ ನಾವೂ ಕೂಡ್ತೀವಿ ಧರಣಿಗೆ.

ಜೋಳದರಾಶಿ:
ತಮ್ಮಾ, ಇದು ನಮಗ ಹೊಳದೇ ಇರಲಿಲ್ಲ. ಬರೀತೀನಿ.

ಕಡಲತಡಿ:
ನಮ್ಮ ಕರಾವಳಿ ಕತೆ ಹೇಳ್ತೇನೆ ಮಾರಾಯ್ರೆ. 'ಬಂದ್' ಅಂತ ಕೇಳಿ ಗೆದ್ದದ್ದೂ ಉಂಟು, ಸ್ಥಾವರ ಬರುವ ಮೊದಲು. ಕೋಜೆಂಟ್ರಿಕ್ಸ್ ನೆನಪುಂಟಾ? ನಂದಿಕೂರಿನ 1000 ಮೆಗಾವ್ಯಾಟ್ ಯೋಜನೆ, ಜನ ಬೀದಿಗೆ ಇಳಿದ್ರು, ಕೋರ್ಟಿಗೂ ಹೋದ್ರು, 1999ರಲ್ಲಿ ಕಂಪನಿ ವಾಪಸ್ ಹೋಯಿತು. ಆದ್ರೆ ಅದೇ ಊರಿನ ಆಸುಪಾಸು ಮತ್ತೆ ಬೇರೆ ಹೆಸರಲ್ಲಿ 1200 ಮೆಗಾವ್ಯಾಟ್ ಬಂದೇ ಬಂತು. ಬಂದ ಮೇಲೆ ಹೋರಾಟ ಹಸಿರು ಪೀಠಕ್ಕೆ (ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ) ಹೋಯಿತು, 2022ರಲ್ಲಿ 52 ಕೋಟಿ ರೂಪಾಯಿ ಪರಿಹಾರ ಕಟ್ಟಿ ಅಂತ ಆದೇಶ ಆಯಿತು. ಅದು ಘೋಷಣೆಯಿಂದ ಆದದ್ದಲ್ಲ, ಕಾಗದದಿಂದ ಆದದ್ದು. ವರ್ಷಗಟ್ಟಲೆ.

ಕಬಿನಿಹಿನ್ನೀರು:
ಚಾಮಲಾಪುರನೂ ಸೇರಿಸಿ. ಎಚ್.ಡಿ. ಕೋಟೆ ಕಡೆ ಥರ್ಮಲ್ ಮಾಡ್ತೀವಿ ಅಂದಿದ್ರು, ರೈತರು, ಮೈಸೂರಿನೋರು ಎಲ್ಲಾ ಸೇರಿ ಎದ್ದು ನಿಂತ್ರು, ಕೈಬಿಟ್ರು. ತದಡಿದೂ ಹಾಗೇ, 4000 ಮೆಗಾವ್ಯಾಟ್ ಅಂತಿದ್ರು.

ಬೇವಿನಕಟ್ಟಿ:
ಎಲ್ಲಾ ಹಂಗ ಮುಗೀಲಿಲ್ಲರಿ. ಕೂಡಗಿಯಾಗ 2014ರಾಗ ರೈತರ ಮ್ಯಾಲೆ ಗೋಲಿಬಾರ್ ಆತು. ಅಲ್ಲಿ ಈಗ 800ರ ಮೂರು ಘಟಕ ಅದಾವ. ಡಿಸಿ ಆಫೀಸ್ ಮುಂದ ಕೂಡೋರು ಪೊಲೀಸ್ ಪರವಾನಗಿ ಕಾಗದ ಕಿಸೆದಾಗ ಇಟ್ಕೊಳ್ರಿ.

ಸಿಲ್ಕ್‌ಬೋರ್ಡ್_ಕೈದಿ:
ನಿಮಗೆ ಡಿಸಿ ಆಫೀಸ್ ಆದ್ರೂ ಇದೆ. ಬೆಂಗಳೂರಲ್ಲಿ 2021ರ ಆದೇಶ ಬಂದ ಮೇಲೆ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕ್ ಒಂದೇ. ಒಳಗೆ ಕೂತು ಕೂಗಿ, ಹೊರಗೆ ಬಂದು ಆಟೋ ಹಿಡೀರಿ. ದೆಹಲಿಯಲ್ಲಿ 2025ರ ನವೆಂಬರ್‌ನಲ್ಲಿ ಇಂಡಿಯಾ ಗೇಟ್ ಹತ್ರ ಗಾಳಿ ಕೊಡಿ ಅಂತ ಮಕ್ಕಳ ಕೈ ಹಿಡ್ಕೊಂಡು ಬಂದೋರನ್ನೂ ಪೊಲೀಸರು ಬಸ್ಸಿಗೆ ಹತ್ತಿಸಿದ್ರು.

ಗಾಳಿಪಟ:
ದೆಹಲಿಯವರದ್ದು ಪಟಾಕಿ, ಕೂಳೆ ಸುಡೋದು. ನಮಗೂ ಅದಕ್ಕೂ ಸಂಬಂಧ ಇಲ್ಲ.

ಉಸಿರು:
ಪಟಾಕಿ ಎರಡು ದಿನ, ಕೂಳೆ ಕೆಲವು ವಾರ. ವರ್ಷಪೂರ್ತಿ ಉರಿಯೋದು ಬೇರೆ ಇದೆ. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳೋದು 5. ನಮ್ಮ ಮಿತಿ ಪಾಲಿಸಿದ್ರೂ ಎಂಟು ಪಟ್ಟು.

ಕೆಂಪಿಟ್ಟಿಗೆ:
ವಿಷಯಾಂತರಕ್ಕೆ ಕ್ಷಮೆ ಇರಲಿ, ಹಾರುಬೂದಿ ಇಟ್ಟಿಗೆಯಲ್ಲಿ ಮನೆ ಕಟ್ಟಿಸಬಹುದಾ? ಗೋಡೆ ಬಿರುಕು ಬಿಡುತ್ತೆ ಅಂತಾರೆ.

ಹಳೇಶಿಫ್ಟ್:
ಕಟ್ಟಿಸಿ, ಚೆನ್ನಾಗಿ ಕ್ಯೂರಿಂಗ್ ಆದ ಇಟ್ಟಿಗೆ ನೋಡಿ ತಗೊಳ್ಳಿ. ನೀವು ತರೋ ಪಿಪಿಸಿ ಸಿಮೆಂಟಲ್ಲೂ 15ರಿಂದ 35 ಶೇಕಡಾ ಹಾರುಬೂದಿನೇ ಇರೋದು.

ಕಡತದಕಟ್ಟು:
ವಿಷಯಾಂತರ ಅಲ್ಲವೇ ಅಲ್ಲ. 2021ರ ಡಿಸೆಂಬರ್ 31ರ ಬೂದಿ ಅಧಿಸೂಚನೆ ಪ್ರಕಾರ ಸ್ಥಾವರ ತನ್ನ ಬೂದಿಯನ್ನು 100 ಶೇಕಡಾ ವಿಲೇವಾರಿ ಮಾಡಬೇಕು, ಉಳಿಸಿಕೊಂಡರೆ ಟನ್‌ಗೆ 1000 ರೂಪಾಯಿ ಪರಿಸರ ಪರಿಹಾರ. ಜೋಳದರಾಶಿಯವರೇ, ವರ್ಷಕ್ಕೆ ಎಷ್ಟು ಬೂದಿ ಬಂತು, ಎಷ್ಟು ಹೊಂಡಕ್ಕೆ ಹೋಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಖರ್ಚು.

ಹೊಗೆಯ ಅಂಕಿಯೂ ಇದೆ. ಚಿಮಣಿಯಲ್ಲಿ ನಿರಂತರ ಅಳತೆಯ ಯಂತ್ರ ಇರಲೇಬೇಕು, ಅದರ ಲೆಕ್ಕ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ಹೋಗ್ತಿರುತ್ತೆ. ತಿಂಗಳ ಸರಾಸರಿ ಕೇಳಬೇಡಿ, ಸರಾಸರಿಯಲ್ಲಿ ಎಲ್ಲಾ ಮುಚ್ಚಿಹೋಗುತ್ತೆ. ಗಂಟೆಗಂಟೆಯ ಅಂಕಿ ಕೇಳಿ, ಜೊತೆಗೆ ಆ ಗಂಟೆ ಎಷ್ಟು ಮೆಗಾವ್ಯಾಟ್ ಓಡಿತ್ತು ಅಂತಲೂ.

ಹಳೇಶಿಫ್ಟ್:
ಅಂಕಿಯನ್ನ 6 ಶೇಕಡಾ ಆಮ್ಲಜನಕಕ್ಕೆ, ಅಂದ್ರೆ ಹೊಗೆಯಲ್ಲಿ ಅಷ್ಟೇ ಆಮ್ಲಜನಕ ಇದ್ದಿದ್ರೆ ಎಷ್ಟಾಗ್ತಿತ್ತು ಅನ್ನೋ ಲೆಕ್ಕಕ್ಕೆ, ತಿದ್ದಿದ್ದಾರಾ ಅಂತಲೂ ಕೇಳಿ. ಇಲ್ಲದಿದ್ರೆ ಹೊಗೆಗೆ ಹೊರಗಿನ ಗಾಳಿ ಬೆರೆತ ಹಾಗೆಲ್ಲಾ ಅಂಕಿ ತಾನೇ ಇಳಿಯುತ್ತೆ. ಈ ಪ್ರಶ್ನೆ ಕೇಳಿದ ಕೂಡಲೇ ಎದುರಿಗೆ ಕೂತವರು ನೆಟ್ಟಗೆ ಕೂತ್ಕೊತಾರೆ, ನೋಡಿ ಬೇಕಾದ್ರೆ.

ಗಾಳಿಪಟ:
ಈಗ ಪಿಂಚಣಿ ಮಾತು ವಾಪಸ್ ಸಾರ್.

ಮಿಂಚುಳ್ಳಿ:
ಇಷ್ಟೆಲ್ಲಾ ಕಾಗದ ಅಂದ್ರೆ ಧರಣಿ ಯಾಕೆ ಮತ್ತೆ? ಮನೇಲೇ ಕೂತು ಅರ್ಜಿ ಹಾಕಿದ್ರಾಯ್ತು.

ಕಡಲತಡಿ:
ಅರ್ಜಿ ಮಾತ್ರ ಹಾಕಿದ್ರೆ ಕಪಾಟಿಗೆ ಹೋಗ್ತದೆ. ನೂರು ಜನ ಹೊರಗೆ ಕೂತಿದ್ರೆ ಅದೇ ಅರ್ಜಿ ಮೇಜಿನ ಮೇಲೆ ಇರ್ತದೆ. ಪೋಲೆಂಡಿನ ಕ್ರಾಕೋವ್‌ನಲ್ಲಿ ಜನ ವರ್ಷಾನುಗಟ್ಟಲೆ ಬೀದಿಗೆ ಬಂದದ್ದಕ್ಕೇ 2019ರಿಂದ ಮನೆ ಒಲೆಗಳಲ್ಲಿ ಕಲ್ಲಿದ್ದಲು, ಸೌದೆ ಉರಿಸುವುದಕ್ಕೆ ನಿಷೇಧ ಬಂತು. ಎರಡೂ ಬೇಕು.

ಜೋಳದರಾಶಿ:
ಇಷ್ಟು ಬರದೀನಿ, ತಿದ್ರಿ. ಒಂದು, ದೂಳಿನ ಮಿತಿ ದಾಟಿದ ಗಂಟೆಗಳ ಪಟ್ಟಿ ಪ್ರತಿ ವಾರ ಗ್ರಾಮ ಪಂಚಾಯಿತಿ ಬೋರ್ಡಿಗೆ ಹಚ್ಚಬೇಕು. ಎರಡು, ಬೂದಿ ಹೊಂಡ ಒಣಗಾಕ ಬಿಡಬಾರದು, ಲಾರಿಗೆ ತಾಡಪಾಲು. ಮೂರು, ಇಎಸ್‌ಪಿ ಫೀಲ್ಡ್ ಟ್ರಿಪ್ ಆದ್ರ ಲೋಡ್ ಇಳಿಸಬೇಕು. ನಾಕು, ಸಲ್ಫರ್ ವಿನಾಯಿತಿ ನಮಗ ಒಪ್ಪಿಗಿ ಇಲ್ಲ, ವರ್ಗ ಯಾವುದು ಅಂತ ಬರದು ಕೊಡ್ರಿ. ಐದು, ಗುತ್ತಿಗಿಯವರಿಗೆ ಮತ್ತ ಸುತ್ತಲಿನ ಹಳ್ಳಿಗಳಿಗೆ ಎದಿ ತಪಾಸಣಿ. ಆರು, ಸ್ಥಾವರ ಬಂದ್ ಮಾಡ್ರಿ.

ಹಾಪರ್_ಹುಡುಗ:
ಆರನೇದು ತಗೀರಿ ಅಣ್ಣಾ.

ಮಿಂಚುಳ್ಳಿ:
ಆರನೇದು ಇರ್ಲಿ!

ಕಡತದಕಟ್ಟು:
ಆರನೇದನ್ನ 'ಆಯುಷ್ಯ ಮುಗಿದ ಘಟಕಗಳನ್ನ ಯಾವ ವರ್ಷ ನಿಲ್ಲಿಸ್ತೀರಿ, ಗುತ್ತಿಗೆಯವರಿಗೆ ಆಮೇಲೆ ಏನು ಕೆಲಸ, ಎರಡನ್ನೂ ಲಿಖಿತವಾಗಿ ತಿಳಿಸಿ' ಅಂತ ಮಾಡಿ. ಮನವಿಯ ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ವಾಯು ಕಾಯ್ದೆ ಪ್ರಕಾರ ಮಂಡಳಿಗೆ 60 ದಿನದ ನೋಟಿಸ್ ಬೇರೆಯೇ ಕೊಡಿ, ಅದು ಮುಗಿದ ಮೇಲೆ ನೀವೇ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ಹಸಿರು ಪೀಠ ಬೇಕಾದರೆ ನಮಗೆ ಚೆನ್ನೈ.

ಹಾಪರ್_ಹುಡುಗ:
ಹಿಂಗಾದ್ರ ನಡೀತೈತಿ. ಧರಣಿ ಐತವಾರ ಇಡಬ್ಯಾಡ್ರಿ, ಡಿಸಿ ಇರಂಗಿಲ್ಲ. ನಮ್ಮ ಎ ಶಿಫ್ಟ್ ಮಧ್ಯಾಹ್ನ ಎರಡಕ್ಕ ಬಿಡತೈತಿ, ಅದಾದ ಮ್ಯಾಲೆ ಶುರು ಮಾಡಿದ್ರ ನಾವು ಬರ್ತೀವಿ.

ಬೇವಿನಕಟ್ಟಿ:
ಮೈಕ್‌ಗೂ ಬ್ಯಾರೆ ಪರವಾನಗಿ ಬೇಕಾಕ್ಕೈತಿ, ಮರೀಬ್ಯಾಡ್ರಿ.